ನೆಲೆ ತಪ್ಪಿದವರಿಗೆ ದುಡಿಮೆ

ಚೆರ್ಕಳದಿಂದ ಜಾಲ್ಸೂರಿನ ದಾರಿ ಹಿಡಿದು, ಮುಳ್ಳೇರಿಯವನ್ನು ದಾಟಿ ಸುಳ್ಯ ತಾಲೂಕನ್ನು ಹೊಗುವ ಗಡಿನಾಡಿನವರಿಗೆ ರಬ್ಬರ್ ತೋಟವೇನೂ ಹೊಸ ನೋಟವಲ್ಲ. ಕಾಸರಗೋಡಿನ ಗುಡ್ಡಗಳಲ್ಲೂ ಅದೇ ಮರ, ಅದೇ ಸಾಲು, ಅದೇ ಗೆರಟೆಗೆ ತೊಟ್ಟಿಕ್ಕುವ ಹಾಲು. ಆದರೆ ಸುಳ್ಯ ಮತ್ತು ಪುತ್ತೂರು ಭಾಗದ ಸರ್ಕಾರಿ ರಬ್ಬರ್ ತೋಟಗಳ ಕಾರ್ಮಿಕ ವಸತಿಗಳಲ್ಲಿ ಮನೆಯೊಳಗಿನ ಮಾತು ತುಳುವಲ್ಲ, ಕನ್ನಡವಲ್ಲ, ಮಲಯಾಳವೂ ಅಲ್ಲ, ತಮಿಳು. ಅಲ್ಲಿಯ ಮಕ್ಕಳು ಮನೆಯಲ್ಲಿ ತಮಿಳು ಆಡುತ್ತ ಶಾಲೆಯಲ್ಲಿ ಕನ್ನಡ ಕಲಿತವರು. ಅವರ ಹಿರಿಯರು ಶ್ರೀಲಂಕೆಯ ತೋಟಗಳಿಂದ ಹಡಗು ಹತ್ತಿ ಬಂದವರು. ಎರಡು ದೇಶಗಳ ನಡುವಿನ ಒಪ್ಪಂದವೊಂದು ಅವರನ್ನು ಇಲ್ಲಿಗೆ ತಂದಿತು. ತೋಟದ ಕೆಲಸ ಅವರನ್ನು ಇಲ್ಲಿ ನಿಲ್ಲಿಸಿತು.

ನೆಲೆ ಕಳೆದುಕೊಂಡು ಬಂದವರಿಗೆ ಅನ್ನ, ಬಟ್ಟೆ, ಸೂರು ಕೊಡಬೇಕೆಂಬುದನ್ನು ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಕೆಲಸ ಕೊಡಬೇಕೆಂದಾಗ ಮಾತ್ರ ಹಿಂಜರಿಕೆ ಹುಟ್ಟುತ್ತದೆ. ಯಾರು ಕೊಡಬೇಕು, ಎಂತಹ ಕೆಲಸ ಕೊಡಬೇಕು, ಕಾನೂನು ಒಪ್ಪುತ್ತದೆಯೇ, ಊರಿನವರ ಪಾಲಿಗೆ ಕೊರತೆಯಾಗದೇ ಎಂಬ ಪ್ರಶ್ನೆಗಳು ಸಾಲುಗಟ್ಟುತ್ತವೆ. ಇವು ಅಲಕ್ಷಿಸಬೇಕಾದ ಪ್ರಶ್ನೆಗಳಲ್ಲ. ದಕ್ಷಿಣ ಭಾರತವು ಕಳೆದ ಅರವತ್ತು ವರ್ಷಗಳಲ್ಲಿ ಇವಕ್ಕೆ ತನ್ನದೇ ಉತ್ತರಗಳನ್ನು ಕೊಟ್ಟಿದೆ. ಅವುಗಳಲ್ಲಿ ಫಲಿಸಿದವೂ ಇವೆ, ಅರ್ಧದಲ್ಲಿ ನಿಂತವೂ ಇವೆ.

ಬ್ರಿಟಿಷರ ಕಾಲದಲ್ಲಿ ತಮಿಳು ಜಿಲ್ಲೆಗಳಿಂದ ಸಿಲೋನಿನ ಬೆಟ್ಟಗಳಿಗೆ, ಮೊದಲು ಕಾಫಿ ಮತ್ತು ಆಮೇಲೆ ಚಹಾ ತೋಟಗಳಿಗೆ, ಕೂಲಿಯಾಳುಗಳನ್ನು ಸಾಗಿಸಲಾಯಿತು. ತಲೆಮಾರುಗಳು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವು. ಸಿಲೋನು ಸ್ವತಂತ್ರವಾದ 1948ರಲ್ಲೇ ಅಲ್ಲಿ ಜಾರಿಗೆ ಬಂದ ಪೌರತ್ವ ಕಾಯಿದೆಯಿಂದ ಈ ಜನರಲ್ಲಿ ಬಹುಪಾಲು ಮಂದಿ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಭಾರತದ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಬಂದರು. ಪೌರತ್ವವಿಲ್ಲದವರ ಸಂಖ್ಯೆಯನ್ನು 9,75,000 ಎಂದು ಲೆಕ್ಕ ಹಾಕಲಾಯಿತು. ಅವರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ ಎಂದು ಹಂಚಿಕೆಯಾಯಿತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಎರಡು ದೇಶಗಳೂ ಸಮಪಾಲು ಮಾಡಿಕೊಂಡವು.

ತಲೈಮನ್ನಾರಿನಿಂದ ಹಡಗಿನಲ್ಲಿ ರಾಮೇಶ್ವರಕ್ಕೆ ಬಂದು, ಮಂಟಪದ ಶಿಬಿರದಲ್ಲಿ ತಂಗಿದ ಈ ಕುಟುಂಬಗಳು ಕಾನೂನಿನ ದೃಷ್ಟಿಯಲ್ಲಿ ನಿರಾಶ್ರಿತರಲ್ಲ, ತಾಯ್ನಾಡಿಗೆ ಮರಳಿದವರು. ಭಾರತದ ಪೌರತ್ವ ಅವರಿಗೆ ದೊರೆತಿತ್ತು. ಆದರೆ ತಾವು ಹಿಂದೆಂದೂ ಕಾಣದ ನೆಲಕ್ಕೆ ಮರಳುವುದೆಂದರೆ ಏನು? ಇಲ್ಲಿ ಅವರಿಗೆ ಮನೆಯಿರಲಿಲ್ಲ, ನೆಲವಿರಲಿಲ್ಲ, ಪರಿಚಯದವರಿರಲಿಲ್ಲ. ಅವರ ಬಳಿ ಇದ್ದದ್ದು ಎಲೆ ಕೊಯ್ಯುವ ಕೈಚಳಕವೊಂದೇ.

ಆ ಕೈಚಳಕವನ್ನು ಗುರುತಿಸಿ ನಡೆದ ಪ್ರಯತ್ನಗಳು ಕೆಲವು. ತಮಿಳುನಾಡಿನ ಅರಣ್ಯ ಇಲಾಖೆ 1968ರಲ್ಲಿ ನೀಲಗಿರಿಯಲ್ಲಿ ಸರ್ಕಾರಿ ಚಹಾ ತೋಟಗಳನ್ನು ಆರಂಭಿಸಿತು. ಮರಳಿ ಬಂದವರಿಗೆ ಉದ್ಯೋಗ ಕೊಡುವುದೇ ಅದರ ಉದ್ದೇಶವಾಗಿತ್ತು. ಆ ಯೋಜನೆಯೇ 1976ರಲ್ಲಿ ಕೂನೂರನ್ನು ಕೇಂದ್ರವಾಗಿರಿಸಿಕೊಂಡ ‘ಟ್ಯಾನ್‌ಟೀ’ ನಿಗಮವಾಯಿತು. ಕೇರಳದಲ್ಲಿ ಪುನಲೂರನ್ನು ಕೇಂದ್ರವಾಗಿರಿಸಿಕೊಂಡು ಅದೇ 1976ರಲ್ಲಿ ಪುನರ್ವಸತಿ ತೋಟಗಳ ಕಂಪನಿ ಸ್ಥಾಪನೆಯಾಗಿ ರಬ್ಬರ್ ಬೆಳೆಸಿತು. ಕರ್ನಾಟಕದಲ್ಲಿ ಸುಳ್ಯ ಪುತ್ತೂರುಗಳ ತೋಟಗಳು ಇಂದು ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿವೆ. ಬರ್ಮಾದಿಂದ ಮತ್ತು ಶ್ರೀಲಂಕೆಯಿಂದ ಮರಳಿದವರಿಗಾಗಿಯೇ 1969ರಲ್ಲಿ ‘ರೆಪ್ಕೊ’ ಎಂಬ ಸಹಕಾರಿ ಬ್ಯಾಂಕು ಹುಟ್ಟಿತು. ಅದು ಇಂದಿಗೂ ನಡೆಯುತ್ತಿದೆ.

ತೋಟಗಳಲ್ಲಿ ಎಲ್ಲರಿಗೂ ಸ್ಥಳವಿರಲಿಲ್ಲ. ಬಹಳ ಮಂದಿಗೆ ಸಣ್ಣ ವ್ಯಾಪಾರ ಮಾಡಿಕೊಳ್ಳಲೆಂದು ಸಾಲ ಕೊಡಲಾಯಿತು. ಕಡತದ ಮೇಲೆ ಅದೂ ಪುನರ್ವಸತಿಯೇ. ಆದರೆ ತಲೆಮಾರುಗಳಿಂದ ಎಲೆ ಕೊಯ್ದು ತೂಕಕ್ಕೆ ಕೂಲಿ ಪಡೆದವರಿಗೆ ಅಂಗಡಿ ನಡೆಸುವ ಪರಿಚಯವಿರಲಿಲ್ಲ. ಉದ್ರಿ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ತಿಳಿವಳಿಕೆ ಹೊಸ ಊರಿನಲ್ಲಿ ಬರುವುದಾದರೂ ಹೇಗೆ? ಸಾಲದ ಹಣ ಕರಗಿಹೋದ ಅನೇಕ ಕುಟುಂಬಗಳು ಕೊನೆಗೆ ಬೆಟ್ಟದ ಕೆಲಸವನ್ನೇ ಅರಸಿ ನೀಲಗಿರಿಗೂ ಕೊಡೈಕೆನಾಲ್ ಕಡೆಗೂ ಹೋದವು. ಮನುಷ್ಯನಿಗೆ ಬರುವ ಕೆಲಸವನ್ನು ವಿಚಾರಿಸದೆ ಕೊಡುವ ನೆರವು ಎಷ್ಟು ಬೇಗ ವ್ಯರ್ಥವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ತೋಟದ ಕೆಲಸ ಸಿಕ್ಕವರ ಸ್ಥಿತಿ ಇದಕ್ಕಿಂತ ಮೇಲಿತ್ತು. ತಿಂಗಳ ಕೂಲಿ ಬಂತು, ಸೂರು ದೊರೆಯಿತು, ಮಕ್ಕಳು ಶಾಲೆ ಸೇರಿದರು. ಸುಳ್ಯದಲ್ಲಿ ಚಹಾ ಎಲೆ ಕೊಯ್ದಿದ್ದ ಕೈಗಳು ಟ್ಯಾಪಿಂಗ್ ಕತ್ತಿ ಹಿಡಿಯಲು ಕಲಿತವು. ತೊಗಟೆಯನ್ನು ಎಷ್ಟು ಆಳಕ್ಕೆ ಕೆತ್ತಿದರೆ ಹಾಲು ಬರುತ್ತದೆ, ಎಷ್ಟು ಕೆತ್ತಿದರೆ ಮರಕ್ಕೆ ಗಾಯವಾಗುತ್ತದೆ ಎಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಅದನ್ನು ಕಲಿತು, ನಸುಕಿನ ತಂಪಿನಲ್ಲಿ ಮರದಿಂದ ಮರಕ್ಕೆ ನಡೆದು, ಆ ಕುಟುಂಬಗಳು ತುಳುನಾಡಿನ ಆರ್ಥಿಕತೆಯ ಭಾಗವಾದವು.

ಆದರೂ ಆ ವ್ಯವಸ್ಥೆಯಲ್ಲಿ ಒಂದು ತೊಡಕು ಮೊದಲಿನಿಂದಲೂ ಇತ್ತು. ಮನೆ ಕೆಲಸಕ್ಕೆ ಕಟ್ಟುಬಿದ್ದಿತ್ತು. ತೋಟದಲ್ಲಿ ದುಡಿಯುವವರೆಗೆ ಮಾತ್ರ ತೋಟದ ಮನೆ. ನಿವೃತ್ತಿಯಾದ ದಿನ ಆ ಸೂರಿನ ಪ್ರಶ್ನೆ ಎದುರಾಗುತ್ತದೆ. ಆದ್ದರಿಂದ ತಂದೆ ನಿವೃತ್ತನಾಗುವಾಗ ಮಗನೋ ಮಗಳೋ ಅದೇ ಕೆಲಸಕ್ಕೆ ಸೇರುವುದು ಮನೆ ಉಳಿಸಿಕೊಳ್ಳುವ ದಾರಿಯಾಯಿತು, ಆ ಮಗುವಿನ ಮನಸ್ಸು ಬೇರೆಡೆ ಇದ್ದರೂ. ಜಾತಿ ಪ್ರಮಾಣಪತ್ರಕ್ಕಾಗಿ ಸುಳ್ಯದ ಕುಟುಂಬಗಳು ವರ್ಷಗಟ್ಟಲೆ ಅಲೆದವು. ಕಡಲಾಚೆಯಿಂದ ಬಂದವರ ಮೂಲವನ್ನು ಯಾವ ಕಚೇರಿ ದೃಢೀಕರಿಸಬೇಕು ಎಂಬುದೇ ಬಗೆಹರಿಯದ ಪ್ರಶ್ನೆಯಾಗಿತ್ತು. ಆ ಒಂದು ಹಾಳೆಯಿಲ್ಲದೆ ವಿದ್ಯಾರ್ಥಿವೇತನವಿಲ್ಲ, ಮೀಸಲಾತಿಯಿಲ್ಲ. ನೀಲಗಿರಿಯಲ್ಲಿಯೂ ಇಂತಹುದೇ ಆತಂಕ. 2022ರಲ್ಲಿ ಟ್ಯಾನ್‌ಟೀಯ ಎರಡು ಸಾವಿರ ಹೆಕ್ಟೇರಿಗೂ ಮಿಕ್ಕಿದ ಭೂಮಿಯನ್ನು ಅರಣ್ಯ ಇಲಾಖೆಗೆ ಹಿಂದಿರುಗಿಸಲು ತಮಿಳುನಾಡು ಸರ್ಕಾರ ತೀರ್ಮಾನಿಸಿದಾಗ, ಅರ್ಧ ಶತಮಾನದ ಹಿಂದೆ ನೆಲೆ ಕಂಡವರ ಮೊಮ್ಮಕ್ಕಳು ಮತ್ತೆ ತಮ್ಮ ನೆಲೆಯ ಬಗ್ಗೆ ಯೋಚಿಸಬೇಕಾಯಿತು.

ಕೆಲಸ ಕೊಟ್ಟದ್ದು ತಪ್ಪಾಗಿತ್ತೆಂದು ಇದರ ಅರ್ಥವಲ್ಲ. ಬಂದವನನ್ನು ಕೆಲಸಕ್ಕೆ ಸೇರಿಸಿಕೊಂಡೊಡನೆ ಪುನರ್ವಸತಿ ಮುಗಿಯಿತೆಂದು ತಿಳಿದದ್ದೇ ತಪ್ಪು. ಆ ಕೆಲಸದಿಂದ ಮುಂದಿನ ಕೆಲಸಕ್ಕೆ, ಆ ತಲೆಮಾರಿನಿಂದ ಮುಂದಿನ ತಲೆಮಾರಿಗೆ ದಾರಿಯಿದೆಯೇ ಎಂದು ನೋಡಿದಾಗಲೇ ನೆರವಿನ ಬೆಲೆ ತಿಳಿಯುತ್ತದೆ.

ಆ ದಾರಿಯನ್ನು ಮೊದಲಿನಿಂದಲೇ ಯೋಚಿಸಿ ನಡೆಸಿದ ಪ್ರಯೋಗವೊಂದು ಭಾರತದ ಇನ್ನೊಂದು ಮೂಲೆಯಲ್ಲಿ ನಡೆದಿತ್ತು. ಅದರ ಹಿಂದಿದ್ದವರಲ್ಲಿ ಒಬ್ಬರು ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ದೇಶ ವಿಭಜನೆಯಾದಾಗ ವಾಯವ್ಯ ಗಡಿ ಪ್ರಾಂತ್ಯದ ಬನ್ನು, ಪೇಷಾವರ, ಡೇರಾ ಇಸ್ಮಾಯಿಲ್ ಖಾನ್ ಮೊದಲಾದ ಕಡೆಗಳಿಂದ ಬಂದವರು ಶಿಬಿರಗಳಲ್ಲಿ ಪಡಿತರದ ಸಾಲಿನಲ್ಲಿ ನಿಂತಿದ್ದರು. ಕಮಲಾದೇವಿಯವರು 1948ರಲ್ಲಿ ಕಟ್ಟಿದ ಭಾರತೀಯ ಸಹಕಾರ ಸಂಘಟನೆಯ ನಿಲುವು ಸ್ಪಷ್ಟವಾಗಿತ್ತು: ಇವರಿಗೆ ಬೇಕಾದದ್ದು ದುಡಿಮೆ. ದೆಹಲಿಯ ಸಮೀಪದ ಫರೀದಾಬಾದಿನಲ್ಲಿ ಈ ಜನರಿಗಾಗಿ 1949ರಲ್ಲಿ ಹೊಸ ಪಟ್ಟಣ ಕಟ್ಟುವ ಯೋಜನೆ ಸಿದ್ಧವಾದಾಗ, ಕಟ್ಟಡದ ಕೆಲಸವನ್ನು ಗುತ್ತಿಗೆದಾರರಿಗೆ ಒಪ್ಪಿಸದೆ, ಆ ಮನೆಗಳಲ್ಲಿ ಮುಂದೆ ವಾಸಿಸಬೇಕಾದವರ ಕೈಗೇ ಕೊಡಬೇಕೆಂಬ ವಾದ ಎದ್ದಿತು. ಆ ದಿನಗಳಲ್ಲಿ ತರುಣರಾಗಿದ್ದ ಎಲ್. ಸಿ. ಜೈನ್ ಅಲ್ಲಿ ದುಡಿದು, ಆ ಅನುಭವವನ್ನು ಮುಂದೆ ಪುಸ್ತಕವಾಗಿ ದಾಖಲಿಸಿದರು.

ಅಂಗಡಿ ಇಟ್ಟುಕೊಂಡಿದ್ದವರು, ಹೊಲ ಉತ್ತವರು ಗಾರೆ ಕೆಲಸ ಕಲಿತರು. ಕೆಲಸಗಾರರ ಸಹಕಾರ ಸಂಘಗಳು ರೂಪುಗೊಂಡವು. ಕಟ್ಟಡ ಕಟ್ಟಲು ಬಾರದವರಿಂದ ಪಟ್ಟಣ ಕಟ್ಟಿಸುವುದುಂಟೇ ಎಂದು ಅಧಿಕಾರಿಗಳು ಶಂಕಿಸಿದರು. ಪುಕ್ಕಟೆ ಪಡಿತರ ನಿಲ್ಲುವುದೆಂದಾಗ ನಿರಾಶ್ರಿತರಲ್ಲೂ ಅಸಮಾಧಾನವಿತ್ತು. ಕಳೆದುಕೊಂಡದ್ದಕ್ಕೆ ಸರ್ಕಾರ ಅಷ್ಟಾದರೂ ಕೊಡಬೇಡವೇ ಎಂಬ ಅವರ ನೋವು ಸುಳ್ಳಲ್ಲ. ಕೊನೆಗೆ ಐದು ಸಾವಿರಕ್ಕೂ ಹೆಚ್ಚು ಮನೆಗಳು ಎದ್ದು ನಿಂತವು. ಕೈಗೆ ಕಸುಬು ಬಂದಿತ್ತು, ಮನೆ ಅವರದಾಗಿತ್ತು. ಕಾರ್ಖಾನೆಗಳು ಬಂದಾಗ ಅಲ್ಲಿ ಕೆಲಸಕ್ಕೆ ನಿಲ್ಲಬಲ್ಲ ಜನ ಸಿದ್ಧರಿದ್ದರು. ಫರೀದಾಬಾದ್ ಇಂದು ಉತ್ತರ ಭಾರತದ ದೊಡ್ಡ ಕೈಗಾರಿಕಾ ನಗರಗಳಲ್ಲಿ ಒಂದು.

ಸರ್ಕಾರವೊಂದೇ ಉದ್ಯೋಗದಾತನಾಗಬೇಕೆಂದಿಲ್ಲ. ಕರ್ನಾಟಕದ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ನೆಲೆಯೂರಿದ ಟಿಬೆಟನ್ನರು ಕಾಡು ಕಡಿದು ಜೋಳ ಬೆಳೆದರು. ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯಗಳಲ್ಲೂ ಅವರ ನೆಲೆಗಳು ಬೆಳೆದವು. ಮಳೆಯನ್ನೇ ನಂಬಿದ ಬೇಸಾಯ ವರ್ಷಪೂರ್ತಿ ಹೊಟ್ಟೆ ತುಂಬಿಸಲಿಲ್ಲ. ಅಂತಹ ಹೊತ್ತಿನಲ್ಲಿ ಅವರಿಗೆ ಒದಗಿದ್ದು ಚಳಿಗಾಲದ ಸ್ವೆಟರ್ ವ್ಯಾಪಾರ. ಲೂಧಿಯಾನದ ಉಣ್ಣೆ ಬಟ್ಟೆಯ ತಯಾರಕರು ಅವರಿಗೆ ಮಾಲನ್ನು ಸಾಲವಾಗಿ ಕೊಟ್ಟರು. ಅವರು ದೇಶದ ಊರೂರುಗಳಲ್ಲಿ ಬೀದಿಬದಿಯ ಅಂಗಡಿ ಹಾಕಿ ಮಾರಿ, ಹಂಗಾಮು ಮುಗಿದ ಮೇಲೆ ಬಾಕಿ ತೀರಿಸಿದರು. ಸ್ವಂತ ಭೂಮಿಯಿಲ್ಲದ, ಪೌರತ್ವವಿಲ್ಲದ ಜನರನ್ನು ನಂಬಿ ಸರಕು ಕೊಟ್ಟದ್ದು ದಾನವಲ್ಲ. ಆ ವ್ಯಾಪಾರಿಗಳ ಮಾಲು ದಕ್ಷಿಣದ ಪಟ್ಟಣಗಳವರೆಗೂ ತಲುಪಿತು. ಕೊಂಡವರು ಮಾತು ಉಳಿಸಿಕೊಂಡಿದ್ದರಿಂದ ಈ ಸಂಬಂಧ ದಶಕಗಳ ಕಾಲ ಮುಂದುವರಿಯಿತು. ಕೇಂದ್ರ ಸರ್ಕಾರವು 2014ರಲ್ಲಿ ಟಿಬೆಟನ್ ಪುನರ್ವಸತಿ ನೀತಿಯನ್ನು ಪ್ರಕಟಿಸಿ, ಅವರು ವ್ಯಾಪಾರದ ಪರವಾನಗಿ ಪಡೆಯಲು ಮತ್ತು ಉದ್ಯೋಗಕ್ಕೆ ಸೇರಲು ಇದ್ದ ಗೊಂದಲಗಳನ್ನು ಕಡಿಮೆ ಮಾಡಿತು.

ಇಂದು ಈ ಪ್ರಶ್ನೆ ಅತ್ಯಂತ ಹತ್ತಿರದಿಂದ ಕೇಳಿಬರುವುದು ತಮಿಳುನಾಡಿನ ಶಿಬಿರಗಳಲ್ಲಿ. 1983ರ ಗಲಭೆಗಳ ಬಳಿಕ ಶ್ರೀಲಂಕೆಯಿಂದ ಬಂದ ತಮಿಳರ ಪೈಕಿ ಐವತ್ತು ಸಾವಿರಕ್ಕೂ ಮಿಕ್ಕಿ ಜನ ಈಗಲೂ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿದ್ದಾರೆ. 2021ರಲ್ಲಿ ಅವುಗಳಿಗೆ ಪುನರ್ವಸತಿ ಶಿಬಿರಗಳೆಂಬ ಹೆಸರು ಬಂತು. ಅಲ್ಲಿ ಶಿಕ್ಷಣಕ್ಕೆ ಕೊರತೆಯಾಗಲಿಲ್ಲ. ಸರ್ಕಾರ ಶಾಲೆಗಳ ಬಾಗಿಲು ತೆರೆಯಿತು. 1984ರಲ್ಲಿ ನಿರಾಶ್ರಿತರೇ ಕಟ್ಟಿಕೊಂಡ ‘ಆಫರ್’ ಸಂಸ್ಥೆ ಶಿಬಿರಗಳಲ್ಲಿ ಓದಿಗೆ ಬೆನ್ನೆಲುಬಾಯಿತು. ಮಕ್ಕಳು ಪದವೀಧರರಾದರು, ಎಂಜಿನಿಯರುಗಳೂ ಆದರು. ಆದರೆ ಪದವಿ ಹಿಡಿದು ಹೊರಟ ಯುವಕರಲ್ಲಿ ಅನೇಕರು ಮರಳಿ ಕೈಗೆತ್ತಿಕೊಂಡದ್ದು ಗೋಡೆಗೆ ಬಣ್ಣ ಬಳಿಯುವ ಕುಂಚವನ್ನು. ಬಣ್ಣ ಬಳಿಯುವುದು ಹೀನ ಕೆಲಸವಲ್ಲ. ಓದಿದ್ದಕ್ಕೆ ತಕ್ಕ ಬಾಗಿಲು ಮುಚ್ಚಿರುವುದು ಕಷ್ಟದ ಸಂಗತಿ. ಸಂದರ್ಶನದಲ್ಲಿ ಗೆದ್ದವರೂ ಪಾಸ್‌ಪೋರ್ಟ್ ಕೇಳಿದಾಗ ಸೋಲುತ್ತಾರೆ. ಶಿಬಿರದ ಹಾಜರಿಗೆ ಮರಳಬೇಕಾದವರಿಗೆ ದೂರದ ನಗರದ ಕೆಲಸ ದಕ್ಕುವುದಿಲ್ಲ.

ಕಾನೂನಿನ ಸ್ಥಿತಿಯನ್ನು ಇಲ್ಲಿ ತಿಳಿದಿರುವುದು ಒಳ್ಳೆಯದು. ನಿರಾಶ್ರಿತರ ಕುರಿತ 1951ರ ಅಂತಾರಾಷ್ಟ್ರೀಯ ಒಡಂಬಡಿಕೆಯಲ್ಲಿ ಕೂಲಿ ಕೆಲಸ, ಸ್ವಂತ ಉದ್ಯೋಗ, ವೃತ್ತಿಗಳ ಬಗ್ಗೆ ಪ್ರತ್ಯೇಕ ವಿಧಿಗಳಿವೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗಾಗಿಯೇ ರೂಪಿಸಿದ ಕಾಯಿದೆಯೂ ದೇಶದಲ್ಲಿಲ್ಲ. ಹಾಗೆಂದು ಎಲ್ಲ ಬಾಗಿಲುಗಳೂ ಮುಚ್ಚಿಲ್ಲ. ಗೃಹ ಸಚಿವಾಲಯವು 2011ರ ಡಿಸೆಂಬರಿನಲ್ಲಿ ರೂಪಿಸಿದ ಕಾರ್ಯವಿಧಾನದಂತೆ, ನಿರಾಶ್ರಿತರೆಂದು ಪರಿಗಣಿತರಾಗಿ ದೀರ್ಘಾವಧಿಯ ವೀಸಾ ಪಡೆದವರು ಖಾಸಗಿ ವಲಯದಲ್ಲಿ ದುಡಿಯಬಹುದು, ವಿದ್ಯಾಸಂಸ್ಥೆಗಳಲ್ಲಿ ಓದಬಹುದು. ಯಾರ ಬಳಿ ಯಾವ ಕಾಗದವಿದೆ, ಅದು ಯಾವುದಕ್ಕೆ ಅವಕಾಶ ಕೊಡುತ್ತದೆ ಎಂಬುದು ಗುಂಪಿನಿಂದ ಗುಂಪಿಗೆ ಬೇರೆ. ಉದ್ಯೋಗದಾತನು ಹೆದರಿ ಹಿಂದೆ ಸರಿಯುವ ಬದಲು ಜಿಲ್ಲೆಯ ಕಚೇರಿಯಲ್ಲೋ ಬಲ್ಲ ವಕೀಲರಲ್ಲೋ ವಿಚಾರಿಸಿದರೆ, ಆಗದೆಂದುಕೊಂಡಿದ್ದ ಎಷ್ಟೋ ನೇಮಕಗಳು ಆಗಬಲ್ಲವು. ವಿಚಾರಿಸದೆ ಗುಟ್ಟಾಗಿ ಇಟ್ಟುಕೊಂಡರೆ ಮಾತ್ರ ಇಬ್ಬರಿಗೂ ಅಪಾಯ. ಗುಟ್ಟಿನ ಕೆಲಸಗಾರನು ಕೂಲಿ ಕಡಿಮೆಯೆಂದು ಬಾಯಿ ತೆರೆಯಲಾರ.

ಮನಸ್ಸಿದ್ದ ಉದ್ಯೋಗದಾತ ಏನು ಮಾಡಬಲ್ಲನೆಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಪ್ರಸಿದ್ಧವಾಗಿದೆ. ತುರ್ಕಿಯ ಕುರ್ದ್ ಮನೆತನದಿಂದ ಅಲ್ಲಿಗೆ ಹೋದ ಹಮ್ದಿ ಉಲುಕಾಯ 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ ಮುಚ್ಚಿದ್ದ ಹಾಲಿನ ಕಾರ್ಖಾನೆಯೊಂದನ್ನು ಕೊಂಡು ‘ಚೊಬಾನಿ’ ಎಂಬ ಮೊಸರಿನ ಉದ್ಯಮ ಆರಂಭಿಸಿದರು. ಸಮೀಪದ ಯೂಟಿಕಾ ಪಟ್ಟಣದಲ್ಲಿ ಕೆಲಸವಿಲ್ಲದ ನಿರಾಶ್ರಿತರಿದ್ದರು. ಅವರಿಗೆ ಕಾರ್ಖಾನೆಗೆ ಬರಲು ವಾಹನವಿರಲಿಲ್ಲ, ಇಂಗ್ಲಿಷ್ ಬರುತ್ತಿರಲಿಲ್ಲ. ಉಲುಕಾಯ ವಾಹನದ ವ್ಯವಸ್ಥೆ ಮಾಡಿದರು, ದುಭಾಷಿಗಳನ್ನು ಇಟ್ಟರು. ನಿರಾಶ್ರಿತರಲ್ಲಿ ಕೊರತೆಯೆಂದು ಕಂಡದ್ದು ಒಂದು ಬಸ್ಸಿನಿಂದಲೂ ಇಬ್ಬರು ಮೂವರು ಭಾಷೆ ಬಲ್ಲವರಿಂದಲೂ ತುಂಬಬಹುದಾದ ಕೊರತೆಯಾಗಿತ್ತು. ಇತರ ಕಂಪನಿಗಳೂ ಈ ದಾರಿ ಹಿಡಿಯಲೆಂದು ಅವರು 2016ರಲ್ಲಿ ‘ಟೆಂಟ್’ ಎಂಬ ಒಕ್ಕೂಟವನ್ನು ಸ್ಥಾಪಿಸಿದರು.

ಊರಿನ ಹುಡುಗರಿಗೇ ಕೆಲಸವಿಲ್ಲದಿರುವಾಗ ಹೊರಗಿನವರಿಗೇಕೆ ಎಂಬ ಮಾತನ್ನು ತಳ್ಳಿಹಾಕಿ ಮುಂದೆ ಹೋಗುವಂತಿಲ್ಲ. ಅದರಲ್ಲಿ ಹೊಟ್ಟೆಪಾಡಿನ ಭಯವಿದೆ. ಊರಿನ ಕೆಲಸಗಾರನಿಗೆ ನಿಜವಾಗಿ ಪೆಟ್ಟು ಬೀಳುವುದು ಹೊರಗಿನವನನ್ನು ಅರ್ಧ ಕೂಲಿಗೆ ದುಡಿಸಿಕೊಂಡಾಗ. ಒಂದೇ ಕೆಲಸಕ್ಕೆ ಒಂದೇ ಕೂಲಿಯೆಂಬ ನಿಯಮ ಪಾಲಿಸಿದರೆ ಇಬ್ಬರಿಗೂ ರಕ್ಷಣೆ. ಆದ್ದರಿಂದ ನಿರಾಶ್ರಿತರಿಗೆ ಕೆಲಸ ಕೊಡಿರೆಂದು ಉದ್ಯೋಗದಾತರನ್ನು ಪ್ರೇರೇಪಿಸುವವರು ಮೊದಲು ಹೇಳಬೇಕಾದ ಮಾತು ನ್ಯಾಯವಾದ ಕೂಲಿಯದು. ಮತ್ತೊಂದು, ಕೆಲಸ ಬಿಡುವಾಗ ಅನುಭವದ ಪತ್ರ ಬರೆದುಕೊಡುವುದು. ಹಳೆಯ ದಾಖಲೆಗಳನ್ನೆಲ್ಲ ಕಡಲಾಚೆ ಬಿಟ್ಟುಬಂದವನ ಹೊಸ ಬದುಕಿನ ಮೊದಲ ದಾಖಲೆ ಅದೇ ಆಗಿರಬಹುದು. ಮೂರನೆಯದು, ಅವನು ಹಿಂದೆ ಏನು ಮಾಡುತ್ತಿದ್ದನೆಂದು ಕೇಳುವುದು. ದರ್ಜಿಯನ್ನು ಮಣ್ಣು ಹೊರಲು ಕಳಿಸಿದರೆ ದರ್ಜಿಗೂ ನಷ್ಟ, ಊರಿಗೂ ನಷ್ಟ.

ಕಾಸರಗೋಡಿನ ಮನೆಗಳಿಗೆ ಈ ವಿಷಯ ಪರಕೀಯವಲ್ಲ. ಇಲ್ಲಿಂದ ಮುಂಬಯಿಯ ಹೋಟೆಲುಗಳಿಗೆ ಹೋದ ಹುಡುಗರಿಗೂ, ಕೊಲ್ಲಿ ರಾಷ್ಟ್ರಗಳ ಅಂಗಡಿಗಳಿಗೆ ಹೋದವರಿಗೂ ಮೊದಲ ಕೆಲಸ ಸಿಕ್ಕಿದ್ದು ಹೆಚ್ಚಾಗಿ ಯಾರೋ ಒಬ್ಬರು, ಇವನು ನಮ್ಮವ, ನಂಬಬಹುದು ಎಂದು ಹೇಳಿದ್ದರಿಂದ. ಅವರು ಸ್ವ‌ಇಚ್ಛೆಯಿಂದ ಹೋದವರು. ಹಿಂದಿರುಗಲು ಅವರಿಗೆ ಮನೆಯಿತ್ತು. ನಿರಾಶ್ರಿತನಿಗೆ ಹಾಗೆ ಹೇಳುವ ಬಂಧು ಊರಿನಲ್ಲಿರುವುದಿಲ್ಲ. ಆ ಮಾತನ್ನು ಪರಿಚಯವಾದ ನೆರೆಯವರೋ, ಮಗುವಿನ ಶಾಲೆಯ ಮುಖ್ಯೋಪಾಧ್ಯಾಯರೋ, ಸಹಕಾರಿ ಸಂಘದ ಕಾರ್ಯದರ್ಶಿಯೋ ಆಡಬೇಕಾಗುತ್ತದೆ.

ಕನ್ನಡ ಮಾಧ್ಯಮದ ಶಾಲೆಗಳಿಗೆ ಇದರಲ್ಲಿ ವಿಶೇಷ ಪಾತ್ರವಿದೆ. ಮನೆಯ ಭಾಷೆಯೊಂದು, ಕಚೇರಿಯ ಭಾಷೆಯೊಂದು ಆದಾಗ ಅರ್ಜಿಯ ಒಂದು ಅಂಕಣ ತುಂಬುವುದೂ ಎಷ್ಟು ಪ್ರಯಾಸವೆಂದು 1956ರ ನವೆಂಬರಿನಿಂದ ಈಚೆಗೆ ಗಡಿನಾಡಿನ ಕನ್ನಡಿಗರು ಬಲ್ಲರು. ಆ ಅರಿವು ಬೇರೆಯವರ ಕಷ್ಟವನ್ನು ಅಳೆಯಲು ಒದಗಬೇಕು. ತರಗತಿಯಲ್ಲಿ ಬೇರೆ ಮಾತಿನ ಮನೆಯಿಂದ ಬಂದ ಮಗುವಿದ್ದರೆ ಅದರ ತಂದೆತಾಯಿ ಯಾವ ಕಸುಬು ಬಲ್ಲರೆಂದು ಶಿಕ್ಷಕ ರಕ್ಷಕ ಸಂಘದವರು ಒಮ್ಮೆ ಕೇಳಬಹುದು. ಅಡಕೆ ಸುಲಿಯುವ ಕಣದವರು, ಬೇಕರಿಯವರು, ಮರದ ಕೆಲಸದವರು, ಹೊಲಿಗೆಯಂಗಡಿಯವರು ಅದೇ ಸಭೆಯಲ್ಲಿ ಪೋಷಕರಾಗಿ ಕುಳಿತಿರುತ್ತಾರೆ. ಕೆಲಸ ಅರಸುವವರೂ ಕೆಲಸ ಕೊಡಬಲ್ಲವರೂ ಒಂದೇ ಸೂರಿನಡಿ ಸೇರುವ ಅಂತಹ ಸ್ಥಳ ಊರಿನಲ್ಲಿ ಹೆಚ್ಚಿಲ್ಲ.

ಸುಳ್ಯದ ತೋಟಗಳಿಗೆ ಬಂದವರ ಮೊಮ್ಮಕ್ಕಳಿಗೆ ಇಂದು ಕನ್ನಡ ಓದಲು, ಬರೆಯಲು ಬರುತ್ತದೆ. ಅಜ್ಜಂದಿರಿಗೆ ಸಿಕ್ಕಿದ್ದು ಒಂದೇ ಕೆಲಸ. ಬೇಡವೆನ್ನುವ ಅವಕಾಶ ಅವರಿಗಿರಲಿಲ್ಲ. ಮೊಮ್ಮಕ್ಕಳು ತೋಟದಲ್ಲೇ ನಿಲ್ಲಬಹುದು, ಶಿಕ್ಷಕರಾಗಬಹುದು, ಅಂಗಡಿ ತೆರೆಯಬಹುದು. ಯಾವುದನ್ನು ಆರಿಸಿಕೊಂಡರೂ ಸೂರು ಕಳೆದುಕೊಳ್ಳುವ ಭಯವಿಲ್ಲದೆ ಆರಿಸಿಕೊಳ್ಳುವಂತಾದಾಗ, 1964ರಲ್ಲಿ ಕಾಗದದ ಮೇಲೆ ಆರಂಭವಾದ ಕೆಲಸ ಪೂರ್ತಿಯಾಗುತ್ತದೆ.